ಗೋಗ್ ಯಾರು? ಯುದ್ಧಕ್ಕೊಂದು ಉತ್ತರ

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನೊಳಗೆ ನುಗ್ಗಿತು. ಸ್ವಲ್ಪ ದಿನಕ್ಕೇ ಬೆಂಗಳೂರಿನ ಪ್ರಾರ್ಥನಾ ಕೂಟಗಳ ವಾಟ್ಸಾಪ್ ಗುಂಪುಗಳಲ್ಲಿ ಬೈಬಲಿನ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 38ನೇ ಅಧ್ಯಾಯ ಓಡಾಡತೊಡಗಿತು. ಮಾಗೋಗ್ ದೇಶದ ಗೋಗ್ ಎಂಬ ದೊರೆ ಉತ್ತರದ ಕಟ್ಟಕಡೆಯಿಂದ ದಂಡು ಕಟ್ಟಿಕೊಂಡು ಇಸ್ರೇಲಿನ ಮೇಲೆ ಬೀಳುತ್ತಾನೆ, ಪರ್ಷಿಯಾ ಅವನ ಜೊತೆಗಿರುತ್ತದೆ ಎನ್ನುತ್ತದೆ ಆ ಅಧ್ಯಾಯ. ಗೋಗ್ ಅಂದ್ರೆ ರಷ್ಯಾ, ಪರ್ಷಿಯಾ ಅಂದ್ರೆ ಇರಾನ್, ಇನ್ನೇನು ಕಾಲ ಬಂತು ಅನ್ನುವವರಿಗೆ ಇಷ್ಟು ಸಾಕು. ಅಮೆರಿಕದ ಟಿವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ ಕೂಡ ಆ ವಾರವೇ, ಪುಟಿನ್ ಹಿಂದೆ ದೇವರ ಒತ್ತಾಯವಿದೆ, ಕೊನೆಯ ಗುರಿ ಇಸ್ರೇಲ್ ಎಂದಿದ್ದರು.

ಗೋಗ್‌ನ ಜಾಗದಲ್ಲಿ ಮೊದಲು ಬೇರೆಯವರಿದ್ದರು. 4ನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್‌ಗೆ ಗೋಗ್ ಅಂದರೆ ರೋಮಿನ ಗಡಿ ಮುರಿದ ಗೋಥರು. ಅವನಿಂದಲೇ ದೀಕ್ಷಾಸ್ನಾನ ಪಡೆದ ಅಗಸ್ಟೀನ್, ಅದು ಯಾವುದೋ ಒಂದು ಜನಾಂಗದ ಹೆಸರಲ್ಲ ಎಂದು ಬರೆದ. ಕೇಳಿದವರು ಕಡಿಮೆ. 13ನೇ ಶತಮಾನದಲ್ಲಿ ಮಂಗೋಲರು ಗೋಗ್ ಆದರು. 16ನೇ ಶತಮಾನದ ಕ್ರೈಸ್ತ ಸುಧಾರಕ ಲೂಥರನ ಕಾಲಕ್ಕೆ ತುರ್ಕರು. 1853ರಿಂದ 56ರವರೆಗಿನ ಕ್ರಿಮಿಯಾ ಯುದ್ಧದಲ್ಲಿ ಬ್ರಿಟನ್ನಿಗೆ ರಷ್ಯಾ ಶತ್ರು. ಲಂಡನ್ನಿನ ಬೋಧಕ ಜಾನ್ ಕಮ್ಮಿಂಗ್ ಗೋಗ್‌ನನ್ನು ಅಲ್ಲಿ ಕಂಡರು. ಮುಂದೆ 1909ರಲ್ಲಿ, ಸ್ಕೋಫೀಲ್ಡ್ ಎಂಬ ಸಂಪಾದಕರು ಟಿಪ್ಪಣಿ ಬರೆದ ಬೈಬಲ್ ಇದೇ ಅರ್ಥವನ್ನು ವಚನದ ಕೆಳಗೆ ಅಡಿಟಿಪ್ಪಣಿಯಾಗಿ ಹಾಕಿತು. ನನಗೆ ಕೇಳಿದರೆ ಅಸಲಿ ತಿರುವು ಇದೇ. ಒಂದೇ ಪುಟದಲ್ಲಿ ದೇವರ ಮಾತು ಯಾವುದು, ಸಂಪಾದಕರ ಮಾತು ಯಾವುದು ಎಂದು ಎಷ್ಟು ಜನ ನೋಡ್ತಾರೆ?

ಅಡಿಟಿಪ್ಪಣಿಗೆ ಆಧಾರ, 38ನೇ ಅಧ್ಯಾಯದಲ್ಲಿ ಗೋಗ್ ಜೊತೆ ಬರುವ ಹೆಸರುಗಳ ಸದ್ದು. ರೋಷ್ ಅಂದರೆ ರಷ್ಯಾ, ಮೆಷೆಕ್ ಅಂದರೆ ಮಾಸ್ಕೋ, ತೂಬಲ್ ಅಂದರೆ ಸೈಬೀರಿಯಾದ ತೊಬೊಲ್ಸ್ಕ್. ಆದರೆ ಅದೇ ಯೆಹೆಜ್ಕೇಲನ 27ನೇ ಅಧ್ಯಾಯ ತೆಗೆಯಿರಿ. ಅದು ತೂರ್ ಎಂಬ ಬಂದರಿನ ವ್ಯಾಪಾರದ ಪಟ್ಟಿ. ಬೆಳ್ಳಿ, ಕಬ್ಬಿಣ, ತವರ, ಕುದುರೆ, ಜೇನು, ಎಣ್ಣೆ, ಯಾವ ಊರಿನಿಂದ ಏನು ಬರುತ್ತದೆ ಎಂಬ ಲೆಕ್ಕವೆಲ್ಲ ಅಲ್ಲಿದೆ. 13ನೇ ವಚನದಲ್ಲಿ ತೂಬಲ್, ಮೆಷೆಕ್ ಜನ ಗುಲಾಮರನ್ನೂ ತಾಮ್ರದ ಪಾತ್ರೆಗಳನ್ನೂ ಮಾರಲು ಬರುತ್ತಾರೆ. ಅಸ್ಸೀರಿಯದ ದಾಖಲೆಗಳಲ್ಲೂ ಈ ಇಬ್ಬರ ಹೆಸರಿದೆ. ಅವರಿದ್ದದ್ದು ಇವತ್ತಿನ ಟರ್ಕಿಯಲ್ಲಿ. ಪ್ರವಾದಿಗೆ ಇವರು ಮಾರುಕಟ್ಟೆಯಲ್ಲಿ ಗೊತ್ತಿದ್ದ ಜನ.

ಕನ್ನಡದವರಿಗೆ ಈ ಆಟ ಹೊಸದೇನಲ್ಲ. ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದು ಸಾಲು ನುಡಿದರೆ, ಸಂಜೆಯೊಳಗೆ ಮಳೆಗೊಂದು ಅರ್ಥ, ಮುಖ್ಯಮಂತ್ರಿ ಕುರ್ಚಿಗೊಂದು ಅರ್ಥ ಸಿದ್ಧ.

ಕೊನೆಯ ಯುದ್ಧದ ಬಯಲಿಗೆ ಬೆಂಗಳೂರಿನವರೇ ಹೋಗಿ ಬಂದಿದ್ದಾರೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಆ ಬಯಲಿನ ಹೆಸರು ಹರ್ಮಗೆದೋನ್; ಅದು ಇಸ್ರೇಲಿನ ಮೆಗಿದ್ದೋ ಎಂದು ಅನೇಕರು ಹೇಳುತ್ತಾರೆ. 1918ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಜನರಲ್ ಅಲೆನ್‌ಬಿ ಅಲ್ಲಿ ತುರ್ಕರನ್ನು ಮುರಿದರು. ಆಮೇಲೆ ಪಡೆದ ಬಿರುದಿನಲ್ಲೂ ಮೆಗಿದ್ದೋ ಹೆಸರು ಸೇರಿಸಿಕೊಂಡರು. ಅದೇ ಕಾರ್ಯಾಚರಣೆಯಲ್ಲಿ, ಸೆಪ್ಟೆಂಬರ್ 23ರಂದು, ಮೆಗಿದ್ದೋದಿಂದ ಸುಮಾರು 30 ಕಿ.ಮೀ. ದೂರದ ಹೈಫಾವನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳಗಳು ಗೆದ್ದವು. ಬೈಬಲಿನ ಪ್ರವಾದಿ ಎಲೀಯ ಬೆಂಕಿ ಇಳಿಸಿದ ಕರ್ಮೆಲ್ ಬೆಟ್ಟವನ್ನು ಮೈಸೂರು ಸವಾರರು ಹತ್ತಿ, ಮೇಲಿದ್ದ ತೋಪುಗಳನ್ನು ಹಿಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಪಕ್ಕದಲ್ಲೇ ದಿನಾ ಸಾವಿರಾರು ಬೈಕು ಹೋಗುತ್ತವೆ.

ಕೊಡುಕೊಳ್ಳುವಿಕೆಗೆ ಹಾಕುವ ನಿರ್ಬಂಧಗಳನ್ನು ಬೈಬಲಿಗೆ ಜೋಡಿಸುವ ಕಥೆ ಇತ್ತೀಚಿನದು. ಪ್ರಕಟನೆ 13ರಲ್ಲಿ, ದೇವರ ವಿರುದ್ಧ ಎದ್ದ ‘ಮೃಗ’ದ ಗುರುತಿಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಆ ಗುರುತಿನ ಸಂಖ್ಯೆ 666. 1974ರಲ್ಲಿ ಓಹಿಯೋದ ಅಂಗಡಿಯೊಂದರಲ್ಲಿ ಮೊದಲ ಬಾರ್‌ಕೋಡ್ ಸ್ಕ್ಯಾನ್ ಆಯಿತು. ಅದರ ಗೆರೆಗಳಲ್ಲಿ 666 ಅಡಗಿದೆ ಎಂಬ ಸುದ್ದಿ ಬೇಗ ಹಬ್ಬಿತು. ಆಮೇಲೆ ಕ್ರೆಡಿಟ್ ಕಾರ್ಡ್, ಚಿಪ್. ನಮ್ಮಲ್ಲಿ ಆಧಾರ್ ಬಂದಾಗ ಮಿಜೋರಾಮಿನ ಕೆಲವು ಕ್ರೈಸ್ತರು ಇದೇ ಕಾರಣಕ್ಕೆ ಬೇಡವೆಂದರು. ಆಧಾರ್‌ನ ತಂತ್ರಜ್ಞಾನ ಕೇಂದ್ರವಿರುವುದು ಇದೇ ಬೆಂಗಳೂರಿನಲ್ಲಿ! 2022ರ ಮಾರ್ಚಿನಲ್ಲಿ ರಷ್ಯಾದ 7 ಬ್ಯಾಂಕುಗಳನ್ನು ದೇಶ ದೇಶಗಳ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದಿಂದ ಹೊರಗೆ ಹಾಕಿದರು. ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ಕೆಲಸ ನಿಲ್ಲಿಸಿದವು. ನೋಡಿ, ಕೊಳ್ಳಲಾಗದು, ಮಾರಲಾಗದು ಎಂದರು ಕಾಲ ಬಂತು ಅನ್ನುವವರು.

ಇಲ್ಲೇ ಲೆಕ್ಕ ತಪ್ಪುವುದು. ಪ್ರಕಟನೆಯಲ್ಲಿ ಸಂತೆಯಿಂದ ಹೊರಬಿದ್ದು ಒದ್ದಾಡುವವರು ಮೃಗಕ್ಕೆ ತಲೆಬಾಗದ ಭಕ್ತರು. 2022ರಲ್ಲಿ ಹೊರಬಿದ್ದದ್ದು ಸಾಕ್ಷಾತ್ ಗೋಗ್. ಹಾಗಾದರೆ ಗೋಗ್ ಭಕ್ತನೇ? ಎರಡು ಪುಸ್ತಕ ಸೇರಿಸಿ ಹೊಲಿದರೆ ಹೀಗೇ ಆಗೋದು. ಪ್ರಕಟನೆ ಹುಟ್ಟಿದ್ದು ರೋಮ್ ಆಳುತ್ತಿದ್ದ ಏಷ್ಯಾ ಪ್ರಾಂತ್ಯದಲ್ಲಿ. ಅಲ್ಲಿ ಚಕ್ರವರ್ತಿಗೆ ಪೂಜೆ ನಡೆಯುತ್ತಿತ್ತು, ನಾಣ್ಯದ ಮೇಲೂ ಅವನದೇ ಮುಖ. 666 ಅನ್ನುವುದು ನೀರೋನ ಹೆಸರಿನ ಅಕ್ಷರಗಳ ಮೊತ್ತ ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಬರೆದವನಿಗೆ ಆ ಸಂತೆಯ ಬಿಸಿ ತಟ್ಟಿತ್ತು.

ಕೊನೆಯ ಕಾಲದ ಈ ನಕ್ಷೆಗಳಲ್ಲಿ ಭಾರತಕ್ಕೆ ಜಾಗವಿಲ್ಲ. ಪ್ರಾಟೆಸ್ಟಂಟ್ ಬೈಬಲಿನಲ್ಲಿ ನಮ್ಮ ದೇಶದ ಹೆಸರು ಎಸ್ತೇರಳ ಪುಸ್ತಕದಲ್ಲಿ ಮಾತ್ರ, ಅದೂ ಎರಡೇ ಸಲ. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾತೈಲದಲ್ಲಿ ರಷ್ಯಾದ ಪಾಲು ಶೇ 2ರ ಆಸುಪಾಸು. 2023ರ ಹೊತ್ತಿಗೆ ಮೂರನೇ ಒಂದಕ್ಕಿಂತ ಜಾಸ್ತಿ. ಗೋಗ್‌ನ ಎಣ್ಣೆ ನಮ್ಮ ಬಂಕಿಗೂ ಬಂತು, ಅಲ್ವಾ?

2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ 12 ದಿನ ಹೊಡೆದಾಡಿಕೊಂಡಾಗ 38ನೇ ಅಧ್ಯಾಯ ಮತ್ತೆ ಹೊರಬಂತು. ಅದರ 13ನೇ ವಚನದಲ್ಲಿ ತಾರ್ಷೀಷಿನ ವರ್ತಕರು ದಂಡು ಕಳಿಸುವುದಿಲ್ಲ, ಸುಲಿಗೆಗೆ ಬಂದೆಯಾ ಎಂದು ಗೋಗ್‌ನನ್ನು ಬಾಯಲ್ಲಿ ಕೇಳುತ್ತಾರೆ ಅಷ್ಟೆ. ಅವರು ಪಶ್ಚಿಮದ ದೇಶಗಳು ಎನ್ನುವುದು ವಾಡಿಕೆ. ಆದರೆ ಆ ಜೂನ್‌ನಲ್ಲಿ ಇರಾನಿನ ಮೇಲೆ ಬಾಂಬು ಹಾಕಿದ್ದು ಅಮೆರಿಕ. ಖಂಡಿಸುವ ಹೇಳಿಕೆ ಕೊಟ್ಟು ಸುಮ್ಮನಾದದ್ದು ರಷ್ಯಾ.