ಬಿಡುವು ಇದ್ದವರ ತಂತ್ರಾಂಶ

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ತರಗತಿಗಳಲ್ಲಿ ಹುಡುಗಿಯರಿಗೇನೂ ಬರವಿಲ್ಲ. ಆದರೆ ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಬಗ್ಗೆ ಸಂಜೆ ಏಳಕ್ಕೆ ಒಂದು ಕೂಟ ಇಡಿ ನೋಡೋಣ. ಹಾಸ್ಟೆಲ್ ಹುಡುಗಿ ಗೇಟು ಹಾಕುವ ಮುಂಚೆ ವಾಪಸ್ ಹೋಗಬೇಕು. ಮಂಡ್ಯದಿಂದ ಓಡಾಡುವವಳು ರೈಲು ಹಿಡಿಯಬೇಕು. ಉಳಿದುಕೊಳ್ಳುವುದು ಹುಡುಗರೇ.

ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಇಂಥ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಲಿನಕ್ಸ್ ಬಂತು. ಇಲ್ಲಿ ಯಾರಿಗೂ ಅಡ್ಡಿಯಿಲ್ಲ ಎಂಬುದೇ ಈ ಲೋಕದ ಹೆಮ್ಮೆ. ಆದರೆ ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆದ ಅಧ್ಯಯನವೊಂದು 2006ರಲ್ಲಿ ಹೇಳಿದ್ದು ಇದು: ಓಪನ್ ಸೋರ್ಸ್‌ನಲ್ಲಿ ಹೆಂಗಸರು ಸುಮಾರು ಶೇ. 1.5, ಕಂಪನಿಗಳ ಖಾಸಗಿ ತಂತ್ರಾಂಶದಲ್ಲಿ ಶೇ. 28. ಎಲ್ಲರಿಗೂ ಮುಕ್ತ ಎನ್ನುವ ಕಡೆಯೇ ಹೆಂಗಸರು ಇಷ್ಟು ಕಡಿಮೆ!

ಅವರಿಗೆ ಆಸಕ್ತಿ ಇಲ್ಲ ಅಂದುಬಿಡುವುದು ಸುಲಭ. ಅದೇ ವರ್ಷ, ವಿದ್ಯಾರ್ಥಿಗಳಿಂದ ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್‌ನ ಬೇಸಿಗೆ ಕಾರ್ಯಕ್ರಮದಲ್ಲಿ, ಲಿನಕ್ಸ್ ಪರದೆಯ ಕಿಟಕಿ, ಮೆನುಗಳನ್ನು ರೂಪಿಸುವ ಗ್ನೋಮ್ ಯೋಜನೆಗೆ 181 ಅರ್ಜಿ ಬಂದವು, ಹೆಂಗಸರದ್ದು ಒಂದೂ ಇರಲಿಲ್ಲ. ಅವರಿಗೆಂದೇ ಸಂಭಾವನೆ ಕೊಡುವ ಕಾರ್ಯಕ್ರಮವನ್ನು ಗ್ನೋಮ್ ಪ್ರಕಟಿಸಿತು. ನೂರರಷ್ಟು ಅರ್ಜಿ ಬಂದವು, ಆರು ಜನರಿಗೆ ಅವಕಾಶ ಸಿಕ್ಕಿತು. ಆಸಕ್ತಿಯ ಮಾತು ಅಲ್ಲಿಗೇ ಬಿದ್ದುಹೋಗಬೇಕಿತ್ತು.

ಅಷ್ಟರಲ್ಲಿ ಹೆಂಗಸರು ತಮ್ಮದೇ ಗುಂಪು ಕಟ್ಟಿಕೊಂಡಿದ್ದರು. 1999ರಲ್ಲಿ ಲಿನಕ್ಸ್‌ಚಿಕ್ಸ್, 2004ರಲ್ಲಿ ಡೆಬಿಯನ್ ವಿಮೆನ್. ಸಮ್ಮೇಳನಗಳಲ್ಲಿ ಹೆಂಗಸರ ಮೈಮೇಲೆ ಕೈಹಾಕುವುದು, ವೇದಿಕೆಯಿಂದಲೇ ಕೊಳಕು ಜೋಕು, ಇವೆಲ್ಲ ಮಾಮೂಲು ಎಂಬಂತಿದ್ದ ಕಾಲ. ವ್ಯಾಲರಿ ಅರೋರಾ ಮತ್ತು ಮೇರಿ ಗಾರ್ಡಿನರ್ 2011ರಲ್ಲಿ ಏಡಾ ಇನಿಷಿಯೇಟಿವ್ ಶುರು ಮಾಡಿ, ಸಮ್ಮೇಳನಗಳಿಗೆ ಕಿರುಕುಳ ತಡೆಯುವ ನಿಯಮ ಬೇಕೆಂದು ಪಟ್ಟು ಹಿಡಿದರು. 2015ರಲ್ಲಿ ಆ ಸಂಸ್ಥೆ ಮುಚ್ಚಿತು, ನಿಯಮಗಳು ಉಳಿದವು. ಲಿನಕ್ಸ್‌ನ ತಿರುಳಾದ ಕರ್ನಲ್ ಕಟ್ಟುವ ತಂಡ ಇಂಥದೊಂದು ನಡವಳಿಕೆ ಸಂಹಿತೆ ಒಪ್ಪಿದ್ದು 2018ರಲ್ಲಿ. ಟೊರ್ವಾಲ್ಡ್ಸ್ ಕೂಡ ಆಗ ತಮ್ಮ ಒರಟು ಮಾತಿಗೆ ಕ್ಷಮೆ ಕೇಳಿದರು.

ನಾವು ಕೋಡ್ ನೋಡುತ್ತೇವೆ, ಹೆಣ್ಣೋ ಗಂಡೋ ನೋಡುವುದಿಲ್ಲ ಎಂಬ ವಾದ ಇಂದಿಗೂ ಇದೆ. ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಒಟ್ಟಾರೆ ಹೆಂಗಸರ ಕೋಡ್ ಒಪ್ಪಿಗೆಯಾಗುವ ಪ್ರಮಾಣವೇ ಜಾಸ್ತಿ. ಆದರೆ ಯೋಜನೆಗೆ ಹೊಸಬರಾಗಿದ್ದು, ಹೆಣ್ಣು ಎಂದು ಪ್ರೊಫೈಲ್‌ನಲ್ಲೇ ತಿಳಿಯುವಂತಿದ್ದರೆ, ಗಂಡಸರಿಗಿಂತ ಕಡಿಮೆ!

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬಿಡುವಿನ ಪ್ರಶ್ನೆ. ಈ ಕೆಲಸ ಬಹಳಷ್ಟು ನಡೆಯುವುದು ರಾತ್ರಿ, ಭಾನುವಾರ, ಸಂಬಳವಿಲ್ಲದೆ. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ತಮ್ಮದೇ ಮನೆಯ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆಯುತ್ತಾರೆ. ಹಾಗೆ ಮನೆಯ ಕೆಲಸ ಮಾಡುವ ಗಂಡಸರು 97 ನಿಮಿಷ. ಹಾಗಾದರೆ ಭಾನುವಾರ ಯಾರದ್ದು?

ವಿಕಿಪೀಡಿಯದ ಕಥೆಯೂ ಹೀಗೇ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ತಂದಿತು. ಒಳ್ಳೆಯ ಕೆಲಸ. ಆದರೆ ಆ ಬರಹಗಳನ್ನು ವಿಕಿಪೀಡಿಯಕ್ಕೆ ಹೊಂದಿಸಿ, ಹೊಸ ಮಾಹಿತಿ ಸೇರಿಸಿ, ಬಿಟ್ಟುಹೋದ ಹೆಂಗಸರ ಬಗ್ಗೆ ಬರೆಯುವವರಿಗೂ ಬಿಡುವು ಬೇಕಲ್ಲ.

ಗ್ನೋಮ್‌ನ ಆ ಪ್ರಯೋಗವೇ ಬೆಳೆದು ಈಗ ಔಟ್‌ರೀಚಿ ಆಗಿದೆ. ಮೂರು ತಿಂಗಳು ಮನೆಯಿಂದಲೇ ಕೆಲಸ, 7,000 ಡಾಲರ್ ಸಂಭಾವನೆ. ಮಂಡ್ಯದ ಹುಡುಗಿಗೆ ರೈಲೂ ಬೇಡ, ಹಾಸ್ಟೆಲ್ ಗೇಟಿನ ಗೊಡವೆಯೂ ಇಲ್ಲ. ಆದರೆ ಆಯ್ಕೆಯಾಗಬೇಕಾದರೆ ಮೊದಲು ಸುಮಾರು ಒಂದು ತಿಂಗಳು ಯೋಜನೆಗೆ ಪುಕ್ಕಟೆ ಕೆಲಸ ಮಾಡಿ ತೋರಿಸಬೇಕು. ಇಂಟರ್ನಲ್ಸ್, ಅಸೈನ್‌ಮೆಂಟ್, ಮನೆಯ ಅಡುಗೆ ನಡುವೆ ಆ ತಿಂಗಳನ್ನು ಹೊಂದಿಸಿಕೊಳ್ಳುವುದು ಅವಳ ಪಾಡಿಗೇ ಬಿಟ್ಟಿದೆ.