ಕಂದು ಹಲ್ಲಿಗೆ ಕೊಳವೆಬಾವಿಯೊಂದೇ ಕಾರಣವಲ್ಲ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಯಾರದಾದರೂ ಹಲ್ಲು ಕಂದುಗಟ್ಟಿದ್ದರೆ ಕಾರಣವನ್ನು ಯಾರೂ ಹುಡುಕಲು ಹೋಗುವುದಿಲ್ಲ. ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ಈ ಭಾಗದ ಹಳೆಯ ಸಂಕಟವಾದ್ದರಿಂದ, ‘ನೀರಿನ ದೋಷ’ ಎಂಬ ಉತ್ತರ ಬಹುಪಾಲು ಸರಿಯಾಗಿಯೇ ಇರುತ್ತದೆ. ಆದರೆ ಆ ಸಿದ್ಧ ಉತ್ತರದ ಮರೆಯಲ್ಲಿ, ಸುಮಾರು 15ರಿಂದ 20 ಸಾವಿರ ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ, ಸಣ್ಣ ಏಟಿಗೂ ಮೂಳೆ ಮುರಿಯುವ ಹುಟ್ಟುಕಾಯಿಲೆಯೊಂದು ಕಣ್ತಪ್ಪಿಹೋಗಬಹುದು. ವೈದ್ಯರು ಅದನ್ನು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎನ್ನುತ್ತಾರೆ.

ಮೂಳೆಗೆ ಗಡಸುತನ ಬರುವುದು ಖನಿಜದಿಂದ. ಪೆಟ್ಟು ತಾಳುವ ಗುಣ ಬರುವುದು ಕೊಲಾಜನ್ ಎಂಬ ಎಳೆಯಾಕಾರದ ಪ್ರೋಟೀನಿನಿಂದ. ಈ ಕಾಯಿಲೆಯ ಹೆಚ್ಚಿನ ರೋಗಿಗಳಲ್ಲಿ ಒಂದನೇ ಬಗೆಯ ಕೊಲಾಜನ್ನನ್ನು ರೂಪಿಸುವ ಎರಡು ಜೀನ್‌ಗಳ ಪೈಕಿ ಒಂದರಲ್ಲಿ ದೋಷವಿರುತ್ತದೆ. ಹಲ್ಲಿನ ಒಡಲಾದ ಡೆಂಟಿನ್ ಕೂಡ ಇದೇ ಕೊಲಾಜನ್ನಿನ ಮೇಲೆ ಕಟ್ಟಿಕೊಳ್ಳುವುದರಿಂದ ಕಾಯಿಲೆಗೆ ಬಾಯಿ ಹೊರತಲ್ಲ. ಹೊರಗಿನ ಎನಾಮೆಲ್‌ನಲ್ಲಿ ಕೊಲಾಜನ್ ಇಲ್ಲ, ಅದು ಬಹುಮಟ್ಟಿಗೆ ಸರಿಯಾಗಿಯೇ ಬೆಳೆಯುತ್ತದೆ. ಆದರೆ ಕೆಳಗಿನ ಆಸರೆಯೇ ದುರ್ಬಲವಾದಾಗ ಚಕ್ಕೆಚಕ್ಕೆಯಾಗಿ ಕಳಚುತ್ತದೆ, ಬಯಲಾದ ಮೃದು ಡೆಂಟಿನ್ ವಸಡಿನವರೆಗೂ ಸವೆಯುತ್ತದೆ.

ಎರಡು ಬಗೆಯ ಕಲೆಗಳನ್ನು ಬೇರ್ಪಡಿಸುವುದು ಅಷ್ಟೇನೂ ಕಷ್ಟವಲ್ಲ. ಫ್ಲೋರೈಡ್ ಕೆಡಿಸುವುದು ಎನಾಮೆಲ್ಲನ್ನು, ಅದೂ ಹೆಚ್ಚಾಗಿ ಶಾಶ್ವತ ಹಲ್ಲುಗಳಲ್ಲಿ. ಸುಣ್ಣದಂಥ ಬಿಳಿ ಪಟ್ಟೆ, ಕಂದು ಮಚ್ಚೆ ಅದೇ ನೀರು ಕುಡಿದು ಬೆಳೆದ ನೆರೆಮನೆಯವರಲ್ಲೂ ಕಾಣುತ್ತವೆ. ಕೊಲಾಜನ್ ದೋಷದ ಹಲ್ಲು ಒಳಗಿನಿಂದಲೇ ಬೂದು ಅಥವಾ ಜೇನುಬಣ್ಣಕ್ಕಿದ್ದು, ಹಾಲುಹಲ್ಲುಗಳಲ್ಲೇ ಹೆಚ್ಚು ಎದ್ದುಕಾಣುತ್ತದೆ. ಎಕ್ಸ್‌ರೇಯಲ್ಲಿ ಹಲ್ಲಿನ ಗಿಡ್ಡ ಬೇರು, ಉಬ್ಬಿದ ಮೇಲ್ಭಾಗ, ಮುಚ್ಚಿಹೋದ ನರದ ಕೋಣೆ ಕಾಣುತ್ತವೆ. ಜೊತೆಗೆ ಕಣ್ಣಿನ ಬಿಳಿಭಾಗ ನೀಲಿಯಾಗಿದ್ದು ಮೂಳೆ ಪದೇಪದೇ ಮುರಿದಿದ್ದರೆ ನೀರನ್ನಷ್ಟೇ ದೂರಿ ಸುಮ್ಮನಾಗಬಾರದು. ಕಾಯಿಲೆಯಿರುವ ಎಲ್ಲರ ಹಲ್ಲೂ ಹೀಗಾಗುವುದಿಲ್ಲ; ತೀವ್ರ ಬಗೆಗಳಲ್ಲಿ ಇದು ಹೆಚ್ಚು. ನಮ್ಮ ಜಿಲ್ಲೆಗಳಲ್ಲಿ ಒಬ್ಬರಿಗೇ ಎರಡೂ ಇರಲು ಸಾಧ್ಯ.

ವಯಸ್ಕರ ಬದುಕಿನಲ್ಲಿ ಇದರ ಭಾರ ನಿಧಾನವಾಗಿ ಕೂಡುತ್ತಾ ಹೋಗುತ್ತದೆ. ಮೇಲ್ದವಡೆ ಸಾಕಷ್ಟು ಬೆಳೆಯದೆ ಕೆಳದವಡೆ ಮುಂದೆ ಚಾಚಿಕೊಂಡಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ಸೀಮೆಯಲ್ಲಿ ಅಗಿಯಲಾರದ ತೊಂದರೆ ಊಟದ ಹೊತ್ತಿನಲ್ಲಿ ಮನೆಯವರ ಗಮನಕ್ಕೂ ಬಾರದೆ ಉಳಿಯಬಹುದು. ಹುರಿದ ಕಡಲೆಕಾಯಿ, ನಿಪ್ಪಟ್ಟು ತಟ್ಟೆಗೆ ಬಂದಾಗಲೇ ಅದು ತಿಳಿಯುವುದು. ಬಾಯಿಯ ಆರೋಗ್ಯಕ್ಕೂ ಜೀವನದ ಗುಣಮಟ್ಟಕ್ಕೂ ಇರುವ ನಂಟನ್ನು ಅಳೆಯುವ, 14 ಪ್ರಶ್ನೆಗಳ ಪ್ರಸಿದ್ಧ ಪ್ರಶ್ನಾವಳಿಯೊಂದು ನೋವು ಮತ್ತು ಊಟದ ತೊಡಕಿನ ಜೊತೆಗೆ ಮುಜುಗರ, ಸಿಡುಕು, ಕೆಲಸಕ್ಕೆ ಆಗುವ ಅಡ್ಡಿಯನ್ನೂ ಕೇಳುತ್ತದೆ. ಸೌಮ್ಯ ಬಗೆಯವರಿಗಿಂತ ತೀವ್ರ ಬಗೆಯವರಲ್ಲಿ ಹೊರೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಮುರಿದ ಕಾಲಿಗೆ ರಾಡು ಹಾಕಿಸಲು ಸಾಲ ಮಾಡಿದ ಕುಟುಂಬ ಹಲ್ಲಿನ ಖರ್ಚನ್ನು ಮುಂದೂಡುವುದು ಸಹಜ; ಆದರೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವರಿಗೆ ಅದು ಬರಿಯ ಅಂದದ ಮಾತು ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಹಲ್ಲು ಪೂರ್ತಿ ಸವೆಯುವ ಮುನ್ನ ಕ್ಯಾಪ್ ಹಾಕಿಸುವುದು ಮೇಲು, ಏಕೆಂದರೆ ನರದ ದಾರಿ ಮುಚ್ಚಿದ ಮೇಲೆ ರೂಟ್ ಕೆನಾಲ್ ಮಾಡುವುದು ಬಹಳ ಕಷ್ಟ. ಮೂಳೆಗಾಗಿ ಜೊಲೆಡ್ರಾನಿಕ್ ಆಮ್ಲದಂಥ ಔಷಧಿ ಪಡೆಯುತ್ತಿರುವವರು ಅದನ್ನು ಹಲ್ಲು ಕೀಳಿಸುವ ಮೊದಲೇ ದಂತವೈದ್ಯರಿಗೆ ತಿಳಿಸಬೇಕು. ಈ ಔಷಧಿಗಳಿಂದ ದವಡೆಯ ಮೂಳೆ ಸಾಯುವ ತೊಂದರೆ ಇತರ ಕೆಲವು ರೋಗಿಗಳಲ್ಲಿ ಕಂಡಿದೆ. ಈ ಕಾಯಿಲೆಯವರಲ್ಲಿ ಅದು ತೀರಾ ಅಪರೂಪವಾದರೂ ಎಚ್ಚರ ಬೇಕು. ಹಲ್ಲು ಕೀಳುವಾಗ ದವಡೆಗೆ ಕೈಯಾಸರೆ ಕೊಡಬೇಕು. ಬೆನ್ನು ಬಾಗಿದವರನ್ನು ಕುರ್ಚಿಯಲ್ಲಿ ಪೂರ್ತಿ ಒರಗಿಸಿದರೆ ಉಸಿರು ಕಟ್ಟಬಹುದಾದ್ದರಿಂದ ದಿಂಬು ಕೊಟ್ಟು, ಚಿಕಿತ್ಸೆಯನ್ನು ಗಿಡ್ಡ ಅವಧಿಗಳಾಗಿ ಒಡೆಯುವುದು ಒಳ್ಳೆಯದು. ತೋಳು ಬಾಗಿ ಬಾಯಿಗೆ ಎಟುಕದವರಿಗೆ ಉದ್ದ ಹಿಡಿಯ ಬ್ರಷ್ ಅನುಕೂಲ. ತುಮಕೂರಿನಲ್ಲೂ ಕೆಜಿಎಫ್‌ನಲ್ಲೂ ದಂತ ವೈದ್ಯಕೀಯ ಕಾಲೇಜುಗಳಿವೆ. ಪೇಟೆಯ ಎಷ್ಟೋ ಕ್ಲಿನಿಕ್‌ಗಳು ಮಹಡಿಯ ಮೇಲಿರುವುದರಿಂದ, ಗಾಲಿಕುರ್ಚಿಯಲ್ಲಿ ಬರುವವರು ಲಿಫ್ಟ್ ಇದೆಯೇ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು ಹೊರಡುವುದು ವಾಸಿ.