ನೆಲ ಸರಿದಿರಲಿಲ್ಲ, ಹರಳು ತಪ್ಪಿತ್ತು

ವಿಜಯಪುರದಲ್ಲಿ ನಮ್ಮ ಕಾಕಾ ವಾಚ್ ರಿಪೇರಿ ಮಾಡುತ್ತಾರೆ. ಮೊನ್ನೆ ಒಂದು ವಾಚಿನ ಹಿಂದಿನ ಮುಚ್ಚಳ ಬಿಚ್ಚಿ, ಚಿಮಟದ ತುದಿಯಿಂದ ಅಕ್ಕಿಕಾಳಿನಷ್ಟು ಉದ್ದದ ಲೋಹದ ಕೊಳವೆ ತೋರಿಸಿದರು. ಅದರೊಳಗೆ ಕ್ವಾರ್ಟ್ಜ್ ಹರಳು. ಸೆಕೆಂಡಿಗೆ 32,768 ಸಲ ಅದುರುತ್ತದೆ. "ಇದು ಕೆಟ್ರ ಹೊಸ ಸೆಲ್ ಹಾಕಿದ್ರೂ ಟೈಮ್ ಸರಿ ಬರೂದಿಲ್ಲ" ಅಂದರು.

ಇದೇ ಜಾತಿಯ, ಆದರೆ ಎಷ್ಟೋ ಪಟ್ಟು ಜತನದಿಂದ ಮಾಡಿದ ಹರಳು 2001ರ ಡಿಸೆಂಬರಿನಲ್ಲಿ ಜೇಸನ್-1 ಉಪಗ್ರಹದ ಜೊತೆ 1,336 ಕಿ.ಮೀ. ಎತ್ತರಕ್ಕೆ ಹೋಯಿತು. ಸಮುದ್ರದ ಮಟ್ಟ ಅಳೆಯುವ ಉಪಗ್ರಹ ಅದು. ತಾನೆಲ್ಲಿದ್ದೇನೆ ಅನ್ನುವುದೇ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಿಲ್ಲದಿದ್ದರೆ ಅಳೆದು ಏನು ಬಂತು, ಅಲ್ವಾ? ಅದಕ್ಕೇ ಫ್ರಾನ್ಸಿನ ಡೋರಿಸ್ ವ್ಯವಸ್ಥೆ ಅದರಲ್ಲಿತ್ತು. ನೆಲದ ಕೇಂದ್ರಗಳು ರೇಡಿಯೋ ಸಂಕೇತ ಕಳಿಸುತ್ತವೆ, ಉಪಗ್ರಹ ಕೇಳಿಸಿಕೊಳ್ಳುತ್ತದೆ. ರೈಲ್ವೆ ಗೇಟಿನಲ್ಲಿ ನಿಂತವರಿಗೆ ಗೊತ್ತು, ಗಾಡಿ ಬರುವಾಗ ಹಾರ್ನ್ ಕೀರಲು ದನಿ, ದಾಟಿದ ಕೂಡಲೇ ದಪ್ಪ ದನಿ. ಆ ದನಿ ಯಾವಾಗ, ಎಷ್ಟು ಬೇಗ ಇಳಿಯಿತು ಎಂದು ನೋಡಿದರೆ ಗಾಡಿ ಎಷ್ಟು ಹತ್ತಿರ ಹಾದುಹೋಯಿತು ಅಂತ ಲೆಕ್ಕ ಹಾಕಬಹುದು. ಉಪಗ್ರಹದ ಹಾದಿ, ನೆಲದ ಕೇಂದ್ರದ ಜಾಗ ಎರಡೂ ಹೀಗೇ ಸಿಗುತ್ತವೆ.

ಆದರೆ ದನಿ ಹೋಲಿಸಲು ಒಂದು ಶ್ರುತಿ ಬೇಕು. ಆ ಶ್ರುತಿಯೇ ಹರಳು. ತಂಬೂರಿ ಶ್ರುತಿ ಇಳಿದರೆ ಸರಿಯಾಗಿ ಹಾಡುವವರೂ ತಪ್ಪಿದಂತೆ ಕೇಳುತ್ತದೆ. ಜೇಸನ್-1ರಲ್ಲಿ ಆಗಿದ್ದು ಅದೇ.

ಭೂಮಿಯ ಕಾಂತಕ್ಷೇತ್ರದ ನಡು ಭೂಮಿಯ ನಡುವಿಗೆ ಸರಿಯಾಗಿ ಕೂತಿಲ್ಲ. ಹಾಗಾಗಿ ಬ್ರೆಜಿಲ್ ಮತ್ತು ದಕ್ಷಿಣ ಅಟ್ಲಾಂಟಿಕ್ ಮೇಲೆ, ಆ ಕಾಂತಕ್ಷೇತ್ರ ಹಿಡಿದಿಟ್ಟ ವೇಗದ ಕಣಗಳ ಪಟ್ಟಿ, ಅಂದರೆ ವಿಕಿರಣದ ಪಟ್ಟಿ, ಬಹಳ ಕೆಳಗೆ ಬಾಗಿದೆ. ಅಲ್ಲಿ ಹಾದುಹೋದಾಗಲೆಲ್ಲ ಪ್ರೋಟಾನ್‌ಗಳು ಹರಳಿಗೆ ಬಡಿಯುತ್ತವೆ. ಒಳಗಿನ ಎಲೆಕ್ಟ್ರಾನ್‌ಗಳು ಜಾಗ ಬಿಡುತ್ತವೆ, ಹರಳಿನಲ್ಲಿ ಬೆರೆತ ಅಲ್ಯೂಮಿನಿಯಂನಂಥ ಕಲ್ಮಶದ ಸುತ್ತಲಿನ ಏರ್ಪಾಡು ಬದಲಾಗುತ್ತದೆ, ಹರಳಿನ ಬಿಗಿ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾಗಿ ಅದುರುವ ವೇಗ ಸರಿಯುತ್ತದೆ. ತಪ್ಪು ಒಂದೇ ಸಮ ಇದ್ದರೆ ಲೆಕ್ಕದಲ್ಲಿ ಕಳೆದುಬಿಡಬಹುದು. ಕೇಂದ್ರದ ಮೇಲೆ ಹಾಯುತ್ತಿರುವಾಗಲೇ ಬದಲಾಗುತ್ತಿದ್ದರೆ? ಆ ತಪ್ಪು ಕೇಂದ್ರದ ತಲೆಗೆ ಬರುತ್ತದೆ. ಪೆರುವಿನ ಅರೆಕಿಪಾ, ಬ್ರೆಜಿಲ್‌ನ ಕಶೋಯಿರಾ ಪೌಲಿಸ್ತಾ ಕೇಂದ್ರಗಳು ಸೆಂಟಿಮೀಟರ್‌ಗಟ್ಟಲೆ ಸರಿದಂತೆ ಕಂಡವು. ನಮ್ಮ ಕಡೆ ಹೊಲದ ಬದು ಒಂದು ಗೇಣು ಸರಿದರೂ ಜಗಳ ಆಗುತ್ತದೆ. ಇಲ್ಲಿ ಬದು ಇದ್ದಲ್ಲೇ ಇತ್ತು, ಅಳೆಯುವ ಸರಪಳಿ ಹಿಗ್ಗಿತ್ತು.

ಫ್ರಾನ್ಸಿನ ವಿಜ್ಞಾನಿಗಳಾದ ಲೆಮ್ವಾನ್ ಮತ್ತು ಕಾಪ್ದೆವಿಲ್ 2006ರಲ್ಲಿ ಇದಕ್ಕೊಂದು ತಿದ್ದುಪಡಿ ಕೊಟ್ಟರು. ಯಾವ ಜಾಗದಲ್ಲಿ ಹರಳಿಗೆ ಎಷ್ಟು ಪೆಟ್ಟು ಬೀಳುತ್ತದೆ, ಆಮೇಲೆ ಎಷ್ಟು ನಿಧಾನಕ್ಕೆ ಸುಧಾರಿಸಿಕೊಳ್ಳುತ್ತದೆ ಅಂತ ಲೆಕ್ಕ ಕಟ್ಟಿದರು. ನನಗೆ ಇನ್ನೂ ಇಷ್ಟವಾಗಿದ್ದು 2008ರ ಜೇಸನ್-2 ಕಥೆ. ಅದರ ಹರಳಿಗೆ ನೆಲದ ಮೇಲೇ ಮೊದಲು ವಿಕಿರಣ ಕೊಟ್ಟು ಕಳಿಸಿದ್ದರು. ಮೊದಲೇ ಪೆಟ್ಟು ತಿಂದಿದ್ದ ಹರಳು ಮೇಲೆ ಹೋದಾಗ ಅಷ್ಟಾಗಿ ಅಲುಗಲಿಲ್ಲ. ಅದೇ ಉಪಗ್ರಹಕ್ಕೆ ನೆಲದಿಂದ ಲೇಸರ್ ಮಿಡಿತ ಹಾರಿಸಿ ಹರಳಿನ ನಡೆಯನ್ನು ನೇರವಾಗಿ ನೋಡುವ ಪ್ರಯೋಗವೂ ನಡೆಯಿತು. ಇದನ್ನು ಹೇಳಿದಾಗ ಕಾಕಾ ಕಣ್ಣಿನ ಭೂತಗನ್ನಡಿ ತೆಗೆದು ಕೇಳಿದರು: "ಅಷ್ಟು ದೂರ ಇದ್ದ ಗಡಿಯಾರನ ಮುಚ್ಚಳ ಬಿಚ್ಚಲಾರದ ರಿಪೇರಿ ಮಾಡ್ಯಾರ?"